ಗುರುಗ್ರಾಮದ ಮೆಟಲ್ ಘರಾಣೆಗಳು

ಊರಿನಿಂದ ನೆಂಟರು ಬಂದರೆ ಏನು ತೋರಿಸುವುದು ಎಂಬುದು ಗುರುಗ್ರಾಮದಲ್ಲಿರುವ ಕನ್ನಡಿಗರಿಗೆಲ್ಲ ಇರುವ ತಾಪತ್ರಯ. ದಿಲ್ಲಿಯವರಿಗೆ ಕುತುಬ್ ಮಿನಾರ್ ಇದೆ, ಕೆಂಪುಕೋಟೆ ಇದೆ, ಏನೂ ಇಲ್ಲದಿದ್ದರೆ ಕರೋಲ್‌ಬಾಗ್ ಇದೆ. ನಮ್ಮಲ್ಲಿರುವುದು ಗಾಜಿನ ಕಟ್ಟಡಗಳು, ಮಾಲುಗಳು, ನಡೆದು ದಾಟಲಾಗದ ಹೆದ್ದಾರಿ. ಹಾಗಾಗಿ ನಾನು ಬಂದವರನ್ನು ಸೆಕ್ಟರ್ 29ರ ಲೀಷರ್ ವ್ಯಾಲಿ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ. ಇಫ್ಕೋ ಚೌಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ಸಿಗುತ್ತದೆ. ಬೆಳಿಗ್ಗೆ ವಾಕಿಂಗಿನವರು, ಸಂಜೆ ಮಕ್ಕಳು, ಚಳಿಗಾಲದ ಮಧ್ಯಾಹ್ನ ಬಿಸಿಲು ಕಾಯಿಸುವ ಕುಟುಂಬಗಳು. ಆ ಕಡೆಗೆ ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಹೋಟೆಲುಗಳ ಸಾಲು. "ನಮ್ಮ ಕಬ್ಬನ್ ಪಾರ್ಕಿನ ಮುಂದೆ ಇದು ಯಾವ ಲೆಕ್ಕ ಮಾರಾಯಾ?" ಎಂದು ಬಂದವರು ಕೇಳಿಯೇ ಕೇಳುತ್ತಾರೆ. ಆಗ ನಾನು ಹೇಳುತ್ತೇನೆ: "ಮೆಟಾಲಿಕಾ ಹಾಡದೇ ಹೋದದ್ದು ಇಲ್ಲೇ."

ಗೊತ್ತಿದ್ದವರು ನಿಂತು ಒಂದು ಫೋಟೋ ತೆಗೆದುಕೊಳ್ಳುತ್ತಾರೆ. ಗೊತ್ತಿಲ್ಲದವರಿಗೆ ಕತೆ ಹೇಳಬೇಕಾಗುತ್ತದೆ.

ಆ ಶುಕ್ರವಾರ

2011ರ ಅಕ್ಟೋಬರ್ 28. ದೀಪಾವಳಿ ಕಳೆದು ಎರಡು ದಿನ. ಗಾಳಿಯಲ್ಲಿ ಇನ್ನೂ ಪಟಾಕಿಯ ಹೊಗೆ. ಭಾರತದ ಮೊದಲ ಫಾರ್ಮುಲಾ ಒನ್ ರೇಸು ಆ ಭಾನುವಾರ ಗ್ರೇಟರ್ ನೋಯ್ಡಾದಲ್ಲಿ ನಡೆಯುವುದಿತ್ತು. ಅದರ ಸಂಭ್ರಮದ ಭಾಗವಾಗಿ ಅಮೆರಿಕದ ಮೆಟಾಲಿಕಾ ಬ್ಯಾಂಡ್ ಮೊದಲ ಸಲ ಭಾರತಕ್ಕೆ ಬಂದಿತ್ತು. ಬ್ಯಾಂಡ್ ಹುಟ್ಟಿ ಆಗ ಮೂವತ್ತು ವರ್ಷ. ಅಷ್ಟೂ ವರ್ಷ ಕ್ಯಾಸೆಟ್ಟಿನಲ್ಲಿ, ಸಿ.ಡಿ.ಯಲ್ಲಿ, ಕದ್ದ ಎಂಪಿ3ಯಲ್ಲಿ ಕೇಳಿದವರೆಲ್ಲ ಲೀಷರ್ ವ್ಯಾಲಿಗೆ ಬಂದಿದ್ದರು. ಕಪ್ಪು ಟೀ ಶರ್ಟಿನ ಸಮುದ್ರ. ನಾನೂ ನನ್ನ ಜೊತೆ ಮನೆಯಲ್ಲಿದ್ದ ಮೂವರೂ ಅದರಲ್ಲಿದ್ದೆವು.

ಗಂಟೆಗಟ್ಟಲೆ ಕಾಯಿಸಿದರು. ಮುಂದಿನ ಬ್ಯಾರಿಕೇಡ್ ಮುರಿಯಿತು. ಸುರಕ್ಷತೆಯ ಪ್ರಶ್ನೆ ಎದ್ದು ಬ್ಯಾಂಡ್ ವೇದಿಕೆಗೆ ಬರಲಿಲ್ಲ. ಕಾರ್ಯಕ್ರಮ ನಾಳೆಗೆ ಎಂದು ಘೋಷಣೆಯಾದದ್ದೇ ತಡ, ಜನ ವೇದಿಕೆ ಹತ್ತಿ ಕೈಗೆ ಸಿಕ್ಕಿದ್ದನ್ನು ಕಿತ್ತರು. ನಾಳೆಯದ್ದೂ ರದ್ದಾಯಿತು. ಸಂಘಟಕರ ಕಡೆಯ ಕೆಲವರನ್ನು ಪೊಲೀಸರು ಹಿಡಿದರು.

ಎರಡು ದಿನದ ನಂತರ, ಅಕ್ಟೋಬರ್ 30ರಂದು, ಅದೇ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಅವರಿಗಿಂತ ಮೊದಲು ವೇದಿಕೆ ಹತ್ತಿದವರಲ್ಲಿ ಬೆಂಗಳೂರಿನದೇ ಇನ್ನರ್ ಸ್ಯಾಂಕ್ಟಮ್ ಇತ್ತು. ಅಲ್ಲಿ ಕಾರ್ಯಕ್ರಮ ಸಾಂಗವಾಗಿ ಮುಗಿಯಿತು. ಮರುದಿನದಿಂದ ನಮಗೆ ಊರಿನ ಫೋನುಗಳು. "ನಿಮ್ಮ ಡೆಲ್ಲಿಯವರಿಗೆ ಮೆಟಲ್ ಕೇಳೋ ಯೋಗ್ಯತೆ ಇಲ್ಲ ಬಿಡಿ. ಅವರಿಗೆ ಭಾಂಗ್ರಾನೇ ಸರಿ."

ಈ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಆ ರಾತ್ರಿ ಮೈದಾನದಲ್ಲಿದ್ದವರು ಡೆಲ್ಲಿಯವರು ಎಂದು ಹೇಳಿದ್ದು ಯಾರು? ನನ್ನ ಎಡಕ್ಕೆ ಪಟ್ನಾದವರಿದ್ದರು, ಬಲಕ್ಕೆ ಗುವಾಹಟಿಯವರು. ನಾವು ನಾಲ್ವರಲ್ಲಿ ಇಬ್ಬರು ಕನ್ನಡಿಗರು. ಗುರುಗ್ರಾಮವೆಂದರೆ ಹಾಗೆಯೇ. ಇಲ್ಲಿ ಜನ ಸೇರಿದರೆ ಅದು ಇಡೀ ದೇಶದ ಚೂರುಚೂರು. ಆದರೆ ರುಚಿಯ ಪ್ರಶ್ನೆ ಬಂದಾಗ ನಾವು ಒಂದು ಊರಿಗೆ ಒಂದು ಹಣೆಪಟ್ಟಿ ಅಂಟಿಸಿ ಮುಗಿಸುತ್ತೇವೆ. ಮೆಟಲ್ ಕೇಳುವವರ ಜೊತೆ ಹನ್ನೆರಡು ಹದಿಮೂರು ವರ್ಷ ಕಳೆದ ಮೇಲೆ ಈ ಅಂಟಿಸುವ ಕೆಲಸವೇ ನನಗೆ ಸಂಗೀತಕ್ಕಿಂತ ಹೆಚ್ಚು ಕುತೂಹಲದ್ದಾಗಿದೆ.

ಮೂರನೇ ಮಹಡಿಯ ನಾಲ್ವರು

ನಾವಿದ್ದದ್ದು ಡಿಎಲ್‌ಎಫ್ ಫೇಸ್ 3ರ ಯು ಬ್ಲಾಕಿನಲ್ಲಿ. ಅರವತ್ತು ಗಜದ ಸೈಟಿನ ಮೇಲೆ ಬೆಂಕಿಪೊಟ್ಟಣ ಜೋಡಿಸಿದಂತೆ ಮಹಡಿಗಳು. ಮನೆ ಮಾಲೀಕರು ಹರಿಯಾಣದವರು, ಕೆಳಗೇ ಇದ್ದರು. ನಾವು ಹಾಡು ಹಾಕಿದರೆ ಮೆಟ್ಟಿಲು ಹತ್ತಿ ಬಂದು "ಯೇ ಗಾನಾ ಹೈ ಕಿ ಝಗಡಾ?" ಎಂದು ಕೇಳುತ್ತಿದ್ದರು. ಅವರ ಅಣ್ಣನ ಮಗನ ಮದುವೆಯಲ್ಲಿ ರಾತ್ರಿ ಎರಡರವರೆಗೆ ಡಿಜೆ ಬಾರಿಸಿ ನಮ್ಮ ಕಿಟಕಿಯ ಗಾಜು ಅದುರಿದಾಗ ನಾವು ಅದೇ ಪ್ರಶ್ನೆ ಕೇಳಲಿಲ್ಲ, ಅಷ್ಟೇ.

ಮಾಲೀಕರಿಗೆ ನಾಲ್ವರೂ ಒಂದೇ ಗದ್ದಲ. ಒಳಗೆ ಮಾತ್ರ ನಾಲ್ಕು ಪಂಗಡ.

ಬಸವನಗುಡಿಯ ಗೆಳೆಯನಿಗೆ ಐರನ್ ಮೇಡನ್ ದೇವರು. ಜೋಡಿ ಗಿಟಾರು, ಕುದುರೆ ಓಡಿದಂತಹ ಬಾಸ್, ಏರುದನಿಯ ಗಾಯಕ. ಹಳೆಯ ಕಾಲದ ಹೆವಿ ಮೆಟಲ್ ಅಂದರೆ ಅದೇ. ಅದರ ಪಕ್ಕದ ಮೆಟ್ಟಿಲಲ್ಲಿ ಥ್ರಾಶ್: 80ರ ದಶಕದ ಕ್ಯಾಲಿಫೋರ್ನಿಯಾದ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್. ವೇಗ, ಸಿಟ್ಟು, ಗರಗಸದಂತೆ ಕೊಯ್ಯುವ ಗಿಟಾರು. 2007ರ ಮಾರ್ಚ್ 17ರಂದು ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ಇವನು ಕಾಲೇಜು ಬಿಟ್ಟು ಬೆಳಿಗ್ಗೆಯೇ ಹೋಗಿ ಗೇಟಿನ ಮುಂದೆ ಕೂತವನು. ಆ ದಿನ ಅವರಿಗಿಂತ ಮೊದಲು ನುಡಿಸಿದ್ದು ದಿಲ್ಲಿಯ ಪರಿಕ್ರಮಾ ಎಂಬುದನ್ನು ಮಾತ್ರ ಅವನು ಯಾವಾಗಲೂ ಮರೆತುಬಿಡುತ್ತಾನೆ.

ಐಜಾಲ್‌ನ ಗೆಳೆಯ ಡೆತ್ ಮೆಟಲ್‌ನವನು. ಹೊಟ್ಟೆಯೊಳಗಿಂದ ಬರುವ ಆ ಗೊಗ್ಗರು ದನಿಗೆ ಗ್ರೌಲ್ ಎನ್ನುತ್ತಾರೆ. ಅಮೆರಿಕದ ಫ್ಲೋರಿಡಾದಲ್ಲಿ 80ರ ದಶಕದ ಕೊನೆಗೆ ಗಟ್ಟಿಯಾದ ಶೈಲಿ. ಇವನು ಬೆಳೆದದ್ದು ಇಗರ್ಜಿಯ ಕ್ವಾಯರಿನಲ್ಲಿ, ಸೋಲ್‌ಫಾ ಬರಹ ನೋಡಿ ನಾಲ್ಕು ದನಿಯಲ್ಲಿ ಹಾಡುತ್ತಾ. ಸ್ವರದ ಲೆಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. "ಡೆತ್ ಮೆಟಲ್‌ನಲ್ಲಿ ಲೆಕ್ಕ ತಪ್ಪಿದರೆ ಗೊತ್ತಾಗಿಬಿಡುತ್ತದೆ, ಅದಕ್ಕೇ ನನಗಿಷ್ಟ" ಎನ್ನುತ್ತಿದ್ದ.

ಫರೀದಾಬಾದಿನ ಗೆಳೆಯನದು ನೂ ಮೆಟಲ್. ಲಿಂಕಿನ್ ಪಾರ್ಕ್, ಕಾರ್ನ್. ಗಿಟಾರಿನ ಜೊತೆಗೆ ರ‍್ಯಾಪ್, ಸ್ಕ್ರ್ಯಾಚ್, ಅಳುವಿನಂತಹ ಕೂಗು. ಲಿಂಕಿನ್ ಪಾರ್ಕಿನ ಮೊದಲ ಆಲ್ಬಂ 2000ದಲ್ಲಿ ಬಂತು. ಇವನು ಅದನ್ನು ಪಾಲಿಕಾ ಬಜಾರಿನಲ್ಲಿ ಕೊಂಡದ್ದು ಶಾಲೆಯಲ್ಲಿದ್ದಾಗ.

ಇನ್ನು ನಾನು. ಪುತ್ತೂರಿನವನು. ಚೆಂಡೆ ಕೇಳಿ ಬೆಳೆದವನಿಗೆ ನಿಧಾನದ ಡೂಮ್ ಮೆಟಲ್ ಹಿಡಿಸಿತು. ಒಂದೇ ರಿಫ್, ಅಂದರೆ ಗಿಟಾರಿನ ಒಂದೇ ಪಲುಕು, ಆನೆ ನಡೆದ ಹಾಗೆ ಹತ್ತು ನಿಮಿಷ. ಬಸವನಗುಡಿಯವನು ಅದಕ್ಕೆ "ನಿದ್ದೆ ಮೆಟಲ್" ಎಂದು ಹೆಸರಿಟ್ಟಿದ್ದ.

ಮನೆಯಲ್ಲಿ ಎರಡು ಜಗಳ ಪದೇ ಪದೇ ನಡೆಯುತ್ತಿತ್ತು. ಒಂದು ಬ್ಲ್ಯಾಕ್ ಮೆಟಲ್‌ನದು. ನಾರ್ವೆಯ ಈ ಶೈಲಿಯಲ್ಲಿ ಮುಖಕ್ಕೆ ಹೆಣದ ಬಣ್ಣ, ಚೀರುದನಿ, ಬೇಕೆಂದೇ ಕೊರಕಲಾಗಿ ಮಾಡಿದ ಧ್ವನಿಮುದ್ರಣ. 1992ರಲ್ಲಿ ಬೆರ್ಗನ್ ಬಳಿಯ ಫಾನ್ಟಾಫ್ಟ್ ಎಂಬ ಹಳೆಯ ಮರದ ಇಗರ್ಜಿ ಸುಟ್ಟುಹೋಯಿತು. ಆ ವರ್ಷಗಳಲ್ಲಿ ಅಲ್ಲಿ ಹೀಗೆ ಹಲವು ಇಗರ್ಜಿಗಳಿಗೆ ಬೆಂಕಿ ಬಿತ್ತು, ಆ ವಲಯದ ಕೆಲವರಿಗೆ ಶಿಕ್ಷೆಯೂ ಆಯಿತು. ಬಸವನಗುಡಿಯವನು "ಸಂಗೀತ ಬೇರೆ, ಮನುಷ್ಯ ಬೇರೆ" ಎನ್ನುವ ಪೈಕಿ. ಐಜಾಲಿನವನು ಒಂದು ದಿನ ಶಾಂತವಾಗಿ ಕೇಳಿದ: "ನಿಮ್ಮ ಬೀದಿಯ ದೊಡ್ಡ ಬಸವನ ಗುಡಿಗೆ ಬೆಂಕಿ ಇಟ್ಟವನು ಚೆನ್ನಾಗಿ ಗಿಟಾರ್ ನುಡಿಸಿದರೆ ಕೇಳ್ತೀಯಾ?" ಅಂದಿನಿಂದ ಮನೆಯಲ್ಲಿ ಒಂದು ಕಾಯಿದೆ ಬಂತು. ಬ್ಲ್ಯಾಕ್ ಮೆಟಲ್ ಬೇಕಿದ್ದವರು ಹೆಡ್‌ಫೋನಿನಲ್ಲಿ ಕೇಳಬೇಕು.

ಇನ್ನೊಂದು ಜಗಳ ನೂ ಮೆಟಲ್‌ನದು. "ಅದು ಮೆಟಲ್ ಅಲ್ಲ ಮಗಾ, ಶಾಂಪೂ ಜಾಹೀರಾತು" ಎಂದು ಬಸವನಗುಡಿ. ಫರೀದಾಬಾದಿನವನು ಬಹಳ ದಿನ ನಕ್ಕು ಸುಮ್ಮನಿದ್ದ. ಒಮ್ಮೆ ಮಾತ್ರ ಹೇಳಿದ. "ನಿನ್ನ ಮೇಡನ್ ಯುದ್ಧ, ಫೇರೋ, ದೆವ್ವ ಎಲ್ಲದರ ಬಗ್ಗೆ ಹಾಡಿದೆ. ನಮ್ಮ ಮನೆಯಲ್ಲಿ ಅಪ್ಪ ಪ್ಲೇಟು ಎಸೆಯುತ್ತಿದ್ದಾಗ ನಾನು ರೂಮಿನ ಬಾಗಿಲು ಹಾಕಿಕೊಂಡು ಏನು ಕೇಳಬೇಕಿತ್ತು ಹೇಳು?" ಆಮೇಲೆ ಶಾಂಪೂವಿನ ಮಾತು ಬರಲಿಲ್ಲ.

ನಾಲ್ವರೂ ಬೇರೆಬೇರೆಯಾದ ಎಷ್ಟೋ ದಿನಗಳ ಮೇಲೆ, 2017ರ ಜುಲೈ 20ರಂದು, ಲಿಂಕಿನ್ ಪಾರ್ಕಿನ ಗಾಯಕ ಚೆಸ್ಟರ್ ಬೆನಿಂಗ್ಟನ್ ತನ್ನ ಜೀವ ತಾನೇ ಕಳೆದುಕೊಂಡ. ಸುದ್ದಿ ನಮಗೆ ತಲುಪಿದ ದಿನ ಫರೀದಾಬಾದಿನವನಿಗೆ ಮೊದಲ ಫೋನು ಹೋದದ್ದು ಬೆಂಗಳೂರಿಗೆ ಮರಳಿದ್ದ ಬಸವನಗುಡಿಯವನಿಂದ. ಏನು ಮಾತಾಡಿದರೋ ಗೊತ್ತಿಲ್ಲ. "ಸುಮ್ಮನೆ, ಹೇಗಿದ್ದಾನೆ ನೋಡೋಣ ಅಂತ ಮಾಡಿದೆ" ಎಂದ ನನಗೆ. ಆ ಸಂಗೀತವನ್ನು ಅವನು ಇವತ್ತಿಗೂ ಇಷ್ಟಪಡುವುದಿಲ್ಲ.

ಘರಾಣೆ, ತಿಟ್ಟು, ಪಂಗಡ

ಮೆಟಲ್ ಕೇಳದವರಿಗೆ ಇದೆಲ್ಲ ಹುಚ್ಚಾಟ ಎನಿಸಬಹುದು. ಕಿರುಚಾಟದಲ್ಲಿ ಎಂಥ ಬಗೆ, ಎಂಥ ಮೇಲು ಕೀಳು? ಆದರೆ ನಮ್ಮವರಿಗೆ ಇದು ಅರ್ಥವಾಗದ ವಿಷಯವಲ್ಲ. ಧಾರವಾಡದ ಯಾವುದಾದರೂ ಹಳೆಯ ಮನೆಯ ಜಗಲಿಯಲ್ಲಿ ಕೂತು ಕೇಳಿ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಕಿರಾಣಾ ಘರಾಣೆಯವರು, ಮಲ್ಲಿಕಾರ್ಜುನ ಮನಸೂರರದು ಜೈಪುರ-ಅತ್ರೌಲಿ. ಒಂದು ಕಡೆಯವರಿಗೆ ಸ್ವರ ಒಂದೊಂದಾಗಿ ನಿಧಾನವಾಗಿ ಬಿಚ್ಚಿಕೊಳ್ಳಬೇಕು. ಇನ್ನೊಂದು ಕಡೆಯವರಿಗೆ ಲಯದೊಳಗಿನ ಬಿಗಿ, ಅಪರೂಪದ ಜೋಡಿ ರಾಗಗಳು. ಹೊರಗಿನವನಿಗೆ ಎರಡೂ ಒಂದೇ ಆಲಾಪ. ನಮ್ಮ ಕರಾವಳಿಗೆ ಬಂದರೆ ತೆಂಕುತಿಟ್ಟು, ಬಡಗುತಿಟ್ಟು. ಚೆಂಡೆಯೇ ಬೇರೆ, ಕಿರೀಟವೇ ಬೇರೆ, ಕುಣಿತವೇ ಬೇರೆ. ನಮ್ಮ ಅಜ್ಜ ಬಡಗಿನ ಆಟಕ್ಕೆ ಹೋಗಿ ಬಂದರೆ "ಚೆನ್ನಾಗಿತ್ತು, ಆದರೆ ಆಟ ಅಲ್ಲ" ಎನ್ನುತ್ತಿದ್ದರು. "ಚೆನ್ನಾಗಿದೆ, ಆದರೆ ಮೆಟಲ್ ಅಲ್ಲ" ಎಂಬ ಮಾತನ್ನು ಸೆಕ್ಟರ್ 29ರಲ್ಲಿ ಕೇಳಿದಾಗಲೆಲ್ಲ ನನಗೆ ಅಜ್ಜನ ನೆನಪಾಗುತ್ತದೆ.

ಈ ಬಿಗಿತನ ಎಲ್ಲಿಂದ ಬರುತ್ತದೆ? ನನಗೆ ಕಂಡಂತೆ ಪಟ್ಟ ಕಷ್ಟದಿಂದ. 90ರ ದಶಕದಲ್ಲಿ ಒಂದು ಒಳ್ಳೆಯ ಕ್ಯಾಸೆಟ್ಟಿಗಾಗಿ ಬೆಂಗಳೂರಿನವರು ಬ್ರಿಗೇಡ್ ರೋಡಿನಲ್ಲಿ, ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟಿನಲ್ಲಿ ಅಲೆದರು, ದಿಲ್ಲಿಯವರು ಪಾಲಿಕಾದಲ್ಲಿ ಅಲೆದರು. 1993ರಲ್ಲಿ ಅಲಹಾಬಾದಿನಿಂದ ಅಮಿತ್ ಸೈಗಲ್ ಶುರು ಮಾಡಿದ 'ರಾಕ್ ಸ್ಟ್ರೀಟ್ ಜರ್ನಲ್' ಪತ್ರಿಕೆಯ ಒಂದು ಪ್ರತಿ ಹತ್ತು ಕೈ ದಾಟುತ್ತಿತ್ತು. ಊಟದ ದುಡ್ಡು ಉಳಿಸಿ ಕೊಂಡ ಸಂಗೀತವನ್ನು ಇನ್ನೊಬ್ಬ ಹುಡುಗ ಟೀವಿಯಲ್ಲಿ ಪುಕ್ಕಟೆ ನೋಡಿ "ನನಗೂ ಮೆಟಲ್ ಇಷ್ಟ" ಎಂದರೆ ಉರಿಯದೇ ಇರುತ್ತದೆಯೇ? ನೂ ಮೆಟಲ್ ಮೇಲಿನ ತಾತ್ಸಾರದಲ್ಲಿ ಅರ್ಧ ಭಾಗ ಈ ಉರಿ.

ಉಳಿದರ್ಧ ಗುರುಗ್ರಾಮದಂತಹ ಊರಿಗೇ ಸೇರಿದ್ದು. ಇಲ್ಲಿ ಯಾರೂ ನಿನ್ನ ಊರು ಯಾವುದು, ಯಾರ ಮಗ ಎಂದು ಕೇಳುವುದಿಲ್ಲ. ಯಾವ ಕಂಪನಿ, ಯಾವ ಸೆಕ್ಟರು, ಅಷ್ಟೇ. ಹಾಗಿರುವಾಗ "ನಾನು ಥ್ರಾಶ್‌ನವನು" ಎಂದು ಹೇಳಿಕೊಳ್ಳುವುದು ಒಂದು ಮನೆತನದ ಹೆಸರಿದ್ದ ಹಾಗೆ.

ಊರಿನಂತೆ ಸದ್ದು

ಪಂಗಡಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಎಲ್ಲಕ್ಕೂ ತಾಯಿಯಾದ ಬ್ಲ್ಯಾಕ್ ಸಬ್ಬತ್ ಬ್ಯಾಂಡ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಅದರ ಗಿಟಾರ್ ವಾದಕ ಟೋನಿ ಐಯೋಮಿ ಹದಿನೇಳರ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ. ನೋವಾಗದಂತೆ ಒತ್ತಲು ಮುಂದೆ ತಂತಿ ಸಡಿಲಿಸಿ ಶ್ರುತಿ ಇಳಿಸಿದ. ಆ ಇಳಿದ ಶ್ರುತಿಯ ಭಾರವೇ ಮುಂದೆ ಡೂಮ್ ಮೆಟಲ್‌ಗೆ ಬುನಾದಿಯಾಯಿತು. ಅವರ ಮೊದಲ ಆಲ್ಬಂ 1970ರದು.

ಬೆಂಗಳೂರಿಗೆ ತನ್ನದೇ ಕಾರಣಗಳಿದ್ದವು. ದಂಡುಪ್ರದೇಶದ ಇಂಗ್ಲಿಷ್ ಹಾಡಿನ ರೂಢಿ, ಕಾಲೇಜು ಉತ್ಸವಗಳು, ರಾಕ್ ಹಾಕುವ ಪಬ್ಬುಗಳು, ಡ್ರಮ್ಸ್ ಇಡಲು ಒಂದು ಗ್ಯಾರೇಜು ಅಥವಾ ತಾರಸಿ ಇದ್ದ ಮನೆಗಳು. ಅಲ್ಲಿ ನಾಲ್ಕೈದು ಜನ ಒಂದು ಕೋಣೆಯಲ್ಲಿ ಬೆವರಿ ನುಡಿಸುವ ಮೆಟಲ್ ಬೆಳೆಯಿತು. ಮಿಲೇನಿಯಂನಂತಹ ಹಳೆಯ ಬ್ಯಾಂಡು, 1998ರಿಂದ ನುಡಿಸುತ್ತಿರುವ ಕ್ರಿಪ್ಟೋಸ್, ಡೂಮ್‌ನ ಬೇವರ್ ಸೀ. ಇದನ್ನು ಒಟ್ಟಿಗೆ ಓದಿ ನೋಡಿ, ಯಾವ ಬೈಗುಳ ಎಂದು ಕನ್ನಡಿಗರಿಗೆ ಹೇಳಬೇಕಿಲ್ಲ. 2012ರಿಂದ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಜಾತ್ರೆಯೂ ಇದೆ.

ಗುರುಗ್ರಾಮದಲ್ಲೂ ಕಾರ್ಖಾನೆಗಳಿವೆ. 1983ರಲ್ಲಿ ಮೊದಲ ಮಾರುತಿ 800 ಹೊರಬಂದದ್ದು ಇಲ್ಲಿಂದಲೇ. ಆದರೆ ಈ ಕಡೆಯ ಮೆಟಲ್‌ನ ಹೊಸ ಸದ್ದು ಬಂದದ್ದು ಲ್ಯಾಪ್‌ಟಾಪಿನಿಂದ. ದಿಲ್ಲಿಯ ಕೇಶವ್ ಧರ್ ಮನೆಯ ಕೋಣೆಯಲ್ಲಿ ಮುದ್ರಿಸಿಕೊಂಡು ಶುರು ಮಾಡಿದ ಸ್ಕೈಹಾರ್ಬರ್, 2012ರಲ್ಲಿ ಮೊದಲ ಆಲ್ಬಂ ತಂದಿತು. ಹಾಡಿದವರಲ್ಲಿ ಇಂಗ್ಲೆಂಡಿನ ಡೇನಿಯಲ್ ಟಾಂಪ್ಕಿನ್ಸ್ ಇದ್ದರು, ಡ್ರಮ್ಸ್ ಅಮೆರಿಕದ ಅನೂಪ್ ಶಾಸ್ತ್ರಿಯದು, ಅತಿಥಿಯಾಗಿ ಗಿಟಾರ್ ನುಡಿಸಿದವರು ಮೆಗಾಡೆತ್‌ನಲ್ಲಿದ್ದ ಮಾರ್ಟಿ ಫ್ರೀಡ್‌ಮನ್. ಈ ಬಗೆಗೆ ಜೆಂಟ್ ಎನ್ನುತ್ತಾರೆ. ಸ್ವೀಡನ್ನಿನ ಮೆಶುಗಾದಿಂದ ಬಂದ ದಾರಿ. ಅಂಗೈಯಿಂದ ಅದುಮಿದ ದಪ್ಪ ತಂತಿ ಮಾಡುವ 'ಜೆಂಟ್' ಎಂಬ ಸದ್ದೇ ಅದರ ಹೆಸರು. ಆರು ತಂತಿಯ ಬದಲು ಏಳೋ ಎಂಟೋ. ಹಿಡಿಯಲು ಕಷ್ಟವಾದ ತಾಳ. ಆಂಪ್ಲಿಫೈಯರ್ ಕೂಡ ಸಾಫ್ಟ್‌ವೇರಿನೊಳಗೆ. ಪಕ್ಕದ ಮನೆಯವರು ಬಾಗಿಲು ಬಡಿಯುವ ಫ್ಲ್ಯಾಟುಗಳ ಊರಿಗೆ ಹೇಳಿ ಮಾಡಿಸಿದ ಮೆಟಲ್. ಸೈಬರ್ ಸಿಟಿಯ ಆಫೀಸುಗಳಲ್ಲಿ ಹೆಡ್‌ಫೋನ್ ಹಾಕಿ ಕೋಡ್ ಬರೆಯುವವರಲ್ಲಿ ಇದರ ಭಕ್ತರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬಸವನಗುಡಿಯವನ ತೀರ್ಪು: "ಎಕ್ಸೆಲ್ ಶೀಟು, ಗುರು."

ಧೋಲ್ ಬಂದಾಗ

ನಿಜವಾದ ಬಿಸಿ ಶುರುವಾದದ್ದು ಬ್ಲಡಿವುಡ್ ಬಂದ ಮೇಲೆ. ಕಾರ್ಪೊರೇಟ್ ವಕೀಲಿ ಬಿಟ್ಟ ಕರಣ್ ಕಟಿಯಾರ್ ಮತ್ತು ಗಾಯಕ ಜಯಂತ್ ಭದೂಲಾ ದಿಲ್ಲಿಯಲ್ಲಿ ಕಟ್ಟಿದ ಬ್ಯಾಂಡು. ಮೊದಲು ಜನಪ್ರಿಯ ಹಾಡುಗಳನ್ನು ತಮಾಷೆಗೆ ಮೆಟಲ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದರು. ಆಮೇಲೆ ತಮ್ಮದೇ ಹಾಡುಗಳು ಬಂದವು. ಹಿಂದಿ, ಪಂಜಾಬಿಯಲ್ಲಿ ಕೂಗು, ರಾವುಲ್ ಕೆರ್‌ನ ಇಂಗ್ಲಿಷ್ ರ‍್ಯಾಪ್, ಧೋಲ್, ತುಂಬಿ, ಕೊಳಲು. 2019ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಸಾವಿರಾರು ಬಿಳಿಯರು ಧೋಲಿಗೆ ಹಾರಿದರು. 2022ರಲ್ಲಿ 'ರಕ್ಷಕ್' ಆಲ್ಬಂ, 2025ರಲ್ಲಿ 'ನೂ ಡೆಲ್ಲಿ'. ಈ ಹೆಸರಿನಲ್ಲೇ ಒಂದು ಕಣ್ಸನ್ನೆ ಇದೆ. ಎಲ್ಲರೂ ಮೂಗು ಮುರಿದ ಆ ನೂ ಮೆಟಲ್ ಅನ್ನೇ ಇವರು ಊರಿನ ಹೆಸರಿಗೆ ಅಂಟಿಸಿಕೊಂಡರು.

ಫರೀದಾಬಾದಿನವನಿಗೆ ಇದು ಸ್ವರ್ಗ. ಅವನಿಗೆ ಹೆಚ್ಚು ಮುಖ್ಯವಾದದ್ದು ಖಿನ್ನತೆಯ ಬಗ್ಗೆ ಅವರು ಮಾಡಿದ 'ಜೀ ವೀರೆ' ಹಾಡು. ಅದರ ಜೊತೆಗೆ ಬ್ಯಾಂಡಿನವರು ಅಗತ್ಯವಿದ್ದವರಿಗೆ ಉಚಿತ ಆಪ್ತಸಮಾಲೋಚನೆಯನ್ನೂ ಒದಗಿಸಿದರು. "ನನ್ನ ಭಾಷೆಯಲ್ಲಿ ನನಗೆ ಯಾರೋ ಬದುಕು ಅಂತ ಕಿರುಚಿ ಹೇಳಿದರು" ಎಂದ ಒಮ್ಮೆ.

ಆಫೀಸಿನ ಕೆಲಸಕ್ಕೆ ಬಸವನಗುಡಿಯವನು ಗುರುಗ್ರಾಮಕ್ಕೆ ಬಂದಿದ್ದಾಗ ನಾವು ಸೆಕ್ಟರ್ 29ರಲ್ಲಿ ಸೇರಿದೆವು. ಐಜಾಲಿನವನೂ ಬಂದಿದ್ದ. ಹೋಟೆಲಿನಲ್ಲಿ ಸೂಫಿ ನೈಟ್ ನಡೆಯುತ್ತಿತ್ತು. ಬ್ಲಡಿವುಡ್ ಮಾತು ಬಂತು.

"ಚೆನ್ನಾಗಿ ಮಾರ್ಕೆಟಿಂಗ್ ಮಾಡ್ತಾರೆ. ಮೆಟಲ್ ಅಲ್ಲ. ಮದುವೆ ಬ್ಯಾಂಡಿಗೆ ಡಿಸ್ಟಾರ್ಷನ್ ಹಾಕಿದ್ದಾರೆ," ಎಂದ ಬಸವನಗುಡಿ.

"ಫಿನ್ಲೆಂಡಿನ ಕೋರ್ಪಿಕ್ಲಾನಿ ತಮ್ಮ ಹಳ್ಳಿ ಪಿಟೀಲು ಹಾಕಿದರೆ ಫೋಕ್ ಮೆಟಲ್, ನಾವು ಧೋಲ್ ಹಾಕಿದರೆ ಮದುವೆ ಬ್ಯಾಂಡಾ?" ಎಂದ ಫರೀದಾಬಾದ್.

"ಹಿಂದೀಲಿ ಕೇಳಕ್ಕೆ ಒಂಥರಾ ಆಗುತ್ತೆ ಗುರು. ನಮಗೆ ಬೇಡ."

"ಸರಿ. ಹಾಗಾದರೆ ಕನ್ನಡದಲ್ಲಿ ಯಾಕೆ ಮಾಡಿಲ್ಲ ನೀವು? ಬೆಂಗಳೂರಲ್ಲಿ ಇಷ್ಟು ಬ್ಯಾಂಡ್ ಇದೆ."

ಬಸವನಗುಡಿಯವನು ಜೋರಾಗಿ ನಕ್ಕ. "ಕನ್ನಡದಲ್ಲಿ ಗ್ರೌಲ್ ಮಾಡಿದರೆ ಕಾಮಿಡಿ ಆಗುತ್ತೆ!"

ನಗು ಮುಗಿದ ಮೇಲೆ ಮೇಜಿನ ಸುತ್ತ ಒಂದು ಕ್ಷಣ ಸದ್ದಿರಲಿಲ್ಲ. ಐಜಾಲಿನವನು ನನ್ನ ಮುಖ ನೋಡಿದ. ಅವನಿಗೆ ನನ್ನ ಉತ್ತರ ಬೇಕಿತ್ತು.

ಆ ನಗು

ಗೆಳೆಯನ ಮಾತನ್ನು ಬಿಡಿಸಿ ಇಟ್ಟರೆ ಹೀಗಾಗುತ್ತದೆ. ಇಂಗ್ಲಿಷ್ ಆದರೆ ಸಹಜ, ಹಿಂದಿ ಆದರೆ ಮುಜುಗರ, ಕನ್ನಡ ಆದರೆ ನಗು. ಹಿಂದಿಯ ಮುಜುಗರ ನಮಗೆಲ್ಲ ಗೊತ್ತಿರುವುದೇ. ಬ್ಯಾಂಕಿನಲ್ಲಿ, ರೈಲಿನಲ್ಲಿ, ಪರೀಕ್ಷೆಯಲ್ಲಿ ಮೇಲೆ ಬಿದ್ದ ಭಾಷೆ ಹಾಡಿನಲ್ಲೂ ಬಂದರೆ ಕಿವಿ ಹಿಂದೆ ಸರಿಯುತ್ತದೆ. ಗುರುಗ್ರಾಮದಲ್ಲಿ ದಿನವಿಡೀ ಹಿಂದಿಯಲ್ಲೇ ಬದುಕುವ ನನಗೂ ಅದು ಅರ್ಥವಾಗುತ್ತದೆ. ಆದರೆ ಆ ಮುಜುಗರವನ್ನು "ಇದು ಮೆಟಲ್ ಅಲ್ಲ" ಎಂಬ ಸಂಗೀತದ ತೀರ್ಪಾಗಿ ಹೇಳುವುದು ಬೇರೆ ಲೆಕ್ಕ. ಜಾತಿಯ ಮಾತನ್ನು ಸ್ವಚ್ಛತೆಯ ಮಾತಾಗಿ ಆಡುವುದನ್ನು ನಾವು ಬೇರೆ ಕಡೆ ಕಂಡಿದ್ದೇವೆ.

ಇಂಗ್ಲಿಷಿಗೆ ಒಂದು ನ್ಯಾಯವಾದ ಕಾರಣವಿತ್ತು. ಬೆಂಗಳೂರಿನ ಒಂದೇ ಬ್ಯಾಂಡಿನಲ್ಲಿ ಒಬ್ಬನ ಮನೆಯಲ್ಲಿ ತಮಿಳು, ಒಬ್ಬನದು ಕೊಂಕಣಿ, ಒಬ್ಬನದು ಮಲಯಾಳ ಇರಬಹುದು. ಎಲ್ಲರಿಗೂ ಸೇರಿದ ಭಾಷೆ ಇಂಗ್ಲಿಷೇ ಆಗಿತ್ತು. ಹಾಗಾಗಿ ಬಹುಪಾಲು ಹಾಡುಗಳು ಇಂಗ್ಲಿಷಿನಲ್ಲಿ ಬಂದವು. ಅದರಲ್ಲಿ ತಪ್ಪೇನಿಲ್ಲ.

ಕನ್ನಡಕ್ಕೆ ಬರುವ ನಗುವಿಗೆ ಮಾತ್ರ ಅಂಥ ಕಾರಣವಿಲ್ಲ. ಇಂಗ್ಲಿಷಿನಲ್ಲಿ ಗ್ರೌಲ್ ಮಾಡಿದಾಗ ಶಬ್ದ ಅರ್ಧ ಕೇಳುವುದೇ ಇಲ್ಲ. ಸಾವು, ನೆತ್ತರು, ನರಕ ಏನು ಹೇಳಿದರೂ ನಡೆಯುತ್ತದೆ. ಅದನ್ನೇ ಅಮ್ಮ ಊಟಕ್ಕೆ ಕರೆಯುವ ಭಾಷೆಯಲ್ಲಿ ಹೇಳಿದರೆ ಬೆತ್ತಲಾದಂತೆ ಆಗುತ್ತದೆ. ಆ ಸಂಕೋಚ ನಗುವಾಗಿ ಹೊರಗೆ ಬರುತ್ತದೆ. ನಾರ್ವೆಯವರು ನಾರ್ವೇಜಿಯನ್ನಿನಲ್ಲಿ ಚೀರಿದರು, ಜರ್ಮನಿಯ ರಾಮ್‌ಸ್ಟೈನ್ ಜರ್ಮನ್ನಿನಲ್ಲೇ ಹಾಡಿ ಲೋಕ ಗೆದ್ದಿತು, ಬ್ರೆಜಿಲ್ಲಿನ ಸೆಪುಲ್ಟುರಾ 1996ರ 'ರೂಟ್ಸ್' ಆಲ್ಬಮ್ಮಿಗೆ ಶಾವಾಂತೆ ಬುಡಕಟ್ಟಿನವರ ಜೊತೆ ಕೂತು ಹಾಡಿತು. ನಮ್ಮ ಬಸವನಗುಡಿಯವನ ಕಪಾಟಿನಲ್ಲಿ ಈ ಮೂರೂ ಇವೆ.

ಭಾಷೆಗೆ ಕಸುವಿಲ್ಲ ಎನ್ನುವುದಂತೂ ಆಗದ ಮಾತು. ಹೊಸಗನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ಹೊಡೆತ ಸಿಗುವುದಿಲ್ಲ ಎಂದು ಒಬ್ಬರು ಹೇಳಿದ್ದುಂಟು. ಹಾಗಾದರೆ ಹಳಗನ್ನಡಕ್ಕೆ ಹೋಗಲಿ. ಅಲ್ಲಿ ಕಣ್, ಪೊನ್, ಪುಲ್ ಎಂದು ವ್ಯಂಜನಕ್ಕೇ ಬಡಿದು ನಿಲ್ಲುವ ಪದಗಳು ರಾಶಿ ಇವೆ. ಸಾವಿರ ವರ್ಷದ ಹಿಂದೆ ರನ್ನ 'ಗದಾಯುದ್ಧ' ಬರೆದದ್ದು ಇದೇ ಭಾಷೆಯಲ್ಲಿ, ಭೀಮನ ಸಿಟ್ಟನ್ನು ಇಟ್ಟುಕೊಂಡು. ಅದಕ್ಕಿಂತ ಥ್ರಾಶ್ ವಸ್ತು ಯಾವುದು ಬೇಕು?

ಅಂದು ಮೇಜಿನಲ್ಲಿ ನಾನು ಇಷ್ಟೆಲ್ಲ ಹೇಳಲಿಲ್ಲ. "ನಾಳೆ ಸಂಜೆ ಪುರುಸೊತ್ತಿದ್ದರೆ ಬನ್ನಿ, ಒಂದು ಕಡೆ ಹೋಗೋಣ" ಎಂದೆ. ಊರಿನ ತೆಂಕು ಕಲಾವಿದರ ತಂಡವೊಂದು ದಿಲ್ಲಿಗೆ ಬಂದಿತ್ತು. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದ ಸಭಾಂಗಣದಲ್ಲಿ ದೇವಿ ಮಹಾತ್ಮೆ ಆಟ. ಮೂವರೂ ಬಂದರು.

ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ, ಜನರ ನಡುವಿನಿಂದ ಬರುತ್ತಾನೆ. ಊರಲ್ಲಾದರೆ ದೊಂದಿಯ ಬೆಂಕಿ, ರಾಳದ ಪುಡಿ ಎರಚಿ ಎಬ್ಬಿಸುವ ಜ್ವಾಲೆ. ಸಭಾಂಗಣದಲ್ಲಿ ಅದಕ್ಕೆಲ್ಲ ಅನುಮತಿ ಇರಲಿಲ್ಲ. ಆದರೂ ಹಿಂಬಾಗಿಲಿನಿಂದ ಆ ಆರ್ಭಟ ಎದ್ದಾಗ, ಕೋಡಿನ ಕಿರೀಟ, ಮುಖದ ತುಂಬ ಬಣ್ಣ, ಚೆಂಡೆ ಎರಡೂ ಕಿವಿಗೆ ಬಡಿಯುತ್ತಾ ಸೀಟುಗಳ ನಡುವೆ ಅವನು ನುಗ್ಗಿದಾಗ, ಐಜಾಲಿನವನು ನಿಂತುಬಿಟ್ಟ. ಪಕ್ಕದ ಸಾಲಿನ ಮಗು ಅಳತೊಡಗಿತು. ಯಾರೂ ನಗಲಿಲ್ಲ. ಆರ್ಭಟದ ಹಿಂದೆಯೇ ಅವನು ಆಡಿದ ಒಂದೊಂದು ಮಾತೂ ಅಚ್ಚ ಕನ್ನಡ. ಯಕ್ಷಗಾನದ ಮಾತಿನಲ್ಲಿ ಒಂದು ಇಂಗ್ಲಿಷ್ ಪದ ನುಸುಳಿದರೂ ನಮ್ಮ ಕಡೆ ಜನ ಮುಖ ಸಿಂಡರಿಸುತ್ತಾರೆ.

ಆಟ ಮುಗಿದು ಹೊರಗೆ ಬಂದಾಗ ಮೂವರೂ ಮಾತಿಗೆ ಬಿದ್ದಿದ್ದರು. ಮಹಿಷಾಸುರನ ದನಿ ಡೆತ್ ಎಂದು ಐಜಾಲ್. ಬಣ್ಣ ನೋಡಿದರೆ ಬ್ಲ್ಯಾಕ್, ಆದರೆ ಈ ಬ್ಲ್ಯಾಕ್ ಪರವಾಗಿಲ್ಲ ಎಂದೂ ಸೇರಿಸಿದ. ಚೆಂಡೆಯ ಮುಂದೆ ಧೋಲ್ ಸಪ್ಪೆ ಎಂದು ಒಪ್ಪಲು ಫರೀದಾಬಾದ್ ತಯಾರಿರಲಿಲ್ಲ. ಬಸವನಗುಡಿಯವನು ಬಹಳ ಹೊತ್ತು ಸುಮ್ಮನಿದ್ದು, "ಆ ವೇಗ ನೋಡಿದೆಯಾ? ಇದು ಥ್ರಾಶ್ ಗುರು. ನಿನ್ನ ನಿದ್ದೆ ಮೆಟಲ್ ಅಲ್ಲ," ಎಂದ.

ನಾನು ಬಡಗಿನ ಆಟವನ್ನೂ ಒಮ್ಮೆ ನೋಡಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನಾನು ತೆಂಕಿನವನು.

ಈ ಇ-ಪತ್ರಿಕೆ ಓದುವವರಲ್ಲಿ ಗಿಟಾರ್ ಇರುವ ಮಕ್ಕಳ ಅಪ್ಪ ಅಮ್ಮಂದಿರು ಇದ್ದಾರೆ, ಗಿಟಾರ್ ಇರುವವರೇ ಇದ್ದಾರೆ. ಗುರುಗ್ರಾಮದ್ದೋ ಪುಣೆಯದೋ ಹೈದರಾಬಾದಿನದೋ ಒಂದು ಫ್ಲ್ಯಾಟಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿ, ಯಾರೋ ಕನ್ನಡದಲ್ಲಿ ಗ್ರೌಲ್ ಮಾಡಿ ನೋಡುತ್ತಿರಬಹುದು. ಕೇಳಿದರೆ ಮೊದಲು ನಗು ಬರಬಹುದು. ಬರಲಿ. ಎರಡನೇ ಸಲವೂ ಕೇಳಿ. ಆಮೇಲೆ ಬೇಕಾದರೆ "ಚೆನ್ನಾಗಿದೆ, ಆದರೆ ಮೆಟಲ್ ಅಲ್ಲ" ಎನ್ನಿ. ಅಷ್ಟು ಜಗಳಕ್ಕಾದರೂ ಅದು ಅರ್ಹ.